ಮರೆವಿನ ಎಂಆರ್‌ಐ: ಹಿಪೊಕ್ಯಾಂಪಸ್ ನೋಡುವ ಮುಂಚೆ

ಹಿಪೊಕ್ಯಾಂಪಸ್ ಎಂದರೆ ನೆನಪಿಗೆ ಬೇಕಾದ ಮಿದುಳಿನ ಭಾಗ. ಮರೆವಿಗೆಂದು ಮಾಡುವ ಎಂಆರ್‌ಐ ಕೆಡುವುದು ಹೆಚ್ಚಾಗಿ ತಲೆ ಅಲುಗಾಟದಿಂದ. ಅಲುಗಿದರೆ ಬೂದು ಭಾಗ ಮತ್ತು ಬಿಳಿ ಭಾಗದ ನಡುವಿನ ಅಂಚು ಮಸುಕಾಗುತ್ತದೆ, ಗಾತ್ರ ಅಳೆಯುವ ಸಾಫ್ಟ್‌ವೇರ್ ಅದನ್ನೇ ಮಿದುಳಿನ ಸವಕಳಿ ಎಂದು ಲೆಕ್ಕ ಹಾಕಿಬಿಡುತ್ತದೆ.

ಮುಂಬೈಯಲ್ಲಿ ಸೂಚನೆಗಳು ಹಿಂದಿಯಲ್ಲೋ ಮರಾಠಿಯಲ್ಲೋ ಇರುತ್ತವೆ. ಊರಿನಿಂದ ಮಗನ ಮನೆಗೆ ಬಂದ ಅಜ್ಜಿಗೆ ಅವು ತಿಳಿಯದೆ, ಕೇಳಿಸಿಕೊಳ್ಳಲು ತಲೆ ಎತ್ತಿದರೆ ಆ ಸೀಕ್ವೆನ್ಸ್ (ಒಂದು ಸುತ್ತಿನ ಚಿತ್ರಗಳು) ಹೋಯಿತು. ಹಾಗಾಗಿ ಟೇಬಲ್ ಮೇಲೆ ಮಲಗಿಸುವ ಮೊದಲೇ, ಹಿಯರಿಂಗ್ ಏಡ್ ಇನ್ನೂ ಕಿವಿಯಲ್ಲಿರುವಾಗ, ಕನ್ನಡದಲ್ಲಿ ಹೇಳುತ್ತೇನೆ: "ಅಮ್ಮಾ, ಜೋರು ಸದ್ದು ಬರ್ತದೆ. ಅದು ನಿಲ್ಲೋವರೆಗೆ ತಲೆ ಅಲ್ಲಾಡಿಸ್ಬೇಡಿ, ಮಾತಾಡ್ಬೇಡಿ." ಬಿಪಿಗೆ ನೀರು ಹೋಗುವ ಮಾತ್ರೆ ನುಂಗಿದ್ದರೆ ಶೌಚಾಲಯಕ್ಕೆ ಕಳಿಸುತ್ತೇನೆ. ಪೇಸ್‌ಮೇಕರ್ ವಿಚಾರಣೆ ಎಲ್ಲಕ್ಕಿಂತ ಮೊದಲು. ಮಂಡಿ ಕೆಳಗೆ ದಿಂಬು, ತಲೆಯ ಎರಡೂ ಬದಿಗೆ ಸ್ಪಂಜು.

ಮಿದುಳಿನ ರಚನೆ ತೋರಿಸುವ ಮೂರು ಆಯಾಮದ ಟಿ1 ಸೀಕ್ವೆನ್ಸನ್ನೇ ಮೊದಲು ತೆಗೆಯಬೇಕು. 1 ಮಿ.ಮೀ. ಸ್ಲೈಸ್, ಸುಮಾರು 5 ನಿಮಿಷ. ಹೊತ್ತಾದಂತೆ ಹಿರಿಯರು ಚಡಪಡಿಸುತ್ತಾರೆ. ಬಿಳಿ ಭಾಗದ ಕಲೆಗಳಿಗೆ ಫ್ಲೇರ್, ಸೂಕ್ಷ್ಮ ರಕ್ತಸ್ರಾವಕ್ಕೆ ಎಸ್‌ಡಬ್ಲ್ಯುಐ, ಜೊತೆಗೆ ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಷನ್ ಆಮೇಲೆ ಬರಲಿ.

ಟಿ1ನಿಂದ ಕೊರೋನಲ್ (ಎದುರಿನಿಂದ ನೋಡಿದಂತೆ ಕಾಣುವ) ಚಿತ್ರ ಮಾಡುವಾಗ ಹಿಪೊಕ್ಯಾಂಪಸ್‌ನ ಉದ್ದಕ್ಕೆ ನೇರ ಅಡ್ಡವಾಗಿ ಕತ್ತರಿಸಬೇಕು. ತಲೆ ಒಂದು ಪಕ್ಕಕ್ಕೆ ವಾಲಿದ್ದರೆ ಎಡ-ಬಲ ಬೇರೆ ಬೇರೆ ಮಟ್ಟದಲ್ಲಿ ಸಿಕ್ಕಿ, ಒಂದು ಬದಿ ಮಾತ್ರ ಸವೆದಂತೆ ಕಾಣುತ್ತದೆ. ಈ ಸವಕಳಿ ಅಳೆಯುವ ಶೆಲ್ಟೆನ್ಸ್ ಅಂಕ 0ರಿಂದ 4. ಹಿಪೊಕ್ಯಾಂಪಸ್ ಪಕ್ಕದ ಕೋರಾಯ್ಡ್ ಬಿರುಕು ಮಾತ್ರ ಅಗಲವಾದರೆ 1, ಟೆಂಪೊರಲ್ ಹಾರ್ನ್ (ಅಲ್ಲಿನ ದ್ರವ ತುಂಬಿದ ಜಾಗ) ಕೂಡ ಹಿಗ್ಗಿದರೆ 2, ಹಿಪೊಕ್ಯಾಂಪಸ್‌ನ ಎತ್ತರ ಎದ್ದು ಕಾಣುವಷ್ಟು ತಗ್ಗಿದರೆ 3. 75ರ ಒಳಗಿನವರಲ್ಲಿ 2 ಬಂದರೇ ಅನುಮಾನ, 75 ದಾಟಿದವರಲ್ಲಿ 3 ಬೇಕು ಎಂಬುದು ರೂಢಿ. ವಯಸ್ಸು ನೋಡದೆ ಅಂಕ ಬರೆಯುವ ರಿಪೋರ್ಟ್‌ಗೆ ನಾನು ಬೆಲೆ ಕೊಡುವುದಿಲ್ಲ.

ಇನ್ನೊಂದು. ಮನೆಯಲ್ಲಿ ಕನ್ನಡವಷ್ಟೇ ಆಡುವವರಿಗೆ ಹಿಂದಿಯಲ್ಲಿ ನೆನಪಿನ ಪರೀಕ್ಷೆ ಕೊಟ್ಟರೆ ಅಂಕ ಬೀಳದೆ ಇನ್ನೇನಾಗುತ್ತದೆ? ಆ ಚೀಟಿ ಹಿಡಿದು ಬಂದರೆ ರೇಡಿಯಾಲಜಿಸ್ಟ್ ಕಣ್ಣಿಗೂ ಸವಕಳಿಯೇ ಕಾಣತೊಡಗುತ್ತದೆ. ನೆನಪು, ಗಮನ ಅಳೆಯುವ ಮೋಕಾ ಪರೀಕ್ಷೆ ಕನ್ನಡದಲ್ಲಿದೆ, ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪರೀಕ್ಷಾ ಕಟ್ಟೂ ಇದೆ. ಅವುಗಳ ಕೊರತೆಯಿಂದಲೂ ಮರೆವು ಬರಬಹುದಾದ್ದರಿಂದ ಬಿ12, ಥೈರಾಯ್ಡ್ ರಿಪೋರ್ಟನ್ನೂ ಕೇಳುತ್ತೇನೆ.

ಎಂಆರ್‌ಐ ಚೆನ್ನಾಗಿದ್ದೂ ಅನುಮಾನ ಉಳಿದರೆ ಎಫ್‌ಡಿಜಿ ಪೆಟ್, ಅಂದರೆ ಮಿದುಳು ಸಕ್ಕರೆ ಎಷ್ಟು ಬಳಸುತ್ತದೆ ಎಂದು ತೋರಿಸುವ ಸ್ಕ್ಯಾನ್. ಕನಿಷ್ಠ 4 ಗಂಟೆ ಉಪವಾಸ. ರಕ್ತದ ಸಕ್ಕರೆ ಏರಿದ್ದರೆ ಮಿದುಳು ಔಷಧಿ ಹೀರುವುದೇ ಕಡಿಮೆ. ಚುಚ್ಚಿದ ಮೇಲೆ ಅರ್ಧ ಗಂಟೆ ಮಂದ ಬೆಳಕಿನಲ್ಲಿ ಸುಮ್ಮನೆ ಕೂರಬೇಕು, ಮೊಬೈಲ್ ಬೇಡ.

ವರ್ಷದ ನಂತರ ಹೋಲಿಸಲು ಅದೇ ಯಂತ್ರ, ಅದೇ ಸೀಕ್ವೆನ್ಸ್ ಇರಲಿ. ಫಿಲ್ಮ್ ಸಾಲದು, ಡೈಕಾಮ್ ಸಿಡಿ (ಮೂಲ ಡಿಜಿಟಲ್ ಚಿತ್ರಗಳಿರುವುದು) ಕೇಳಿ ಇಟ್ಟುಕೊಳ್ಳಿ.