ಖಾಲಿ ಅಂಗಡಿಯ ಶಟರ್ ಎತ್ತಿಸುವುದು ಹೇಗೆ?

ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 1989ರಲ್ಲಿ ಭೂಕಂಪವಾಯಿತು. 1999ರಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿತು. ಗಿರಾಕಿಗಳು ಊರಾಚೆಯ ಮಾಲ್‌ಗಳತ್ತ ಹೊರಳಿದರು. ಊರಿನ ಮುಖ್ಯ ಬೀದಿ ಹಂಟರ್ ಸ್ಟ್ರೀಟ್ ಸುತ್ತಮುತ್ತ ಸುಮಾರು 150 ಕಟ್ಟಡಗಳು ಖಾಲಿ ಬಿದ್ದವು. 2008ರಲ್ಲಿ ಮಾರ್ಕಸ್ ವೆಸ್ಟ್‌ಬರಿ ಎಂಬುವವರು ಈ ಖಾಲಿ ಜಾಗಗಳನ್ನು ತಾತ್ಕಾಲಿಕವಾಗಿ ಬಳಕೆಗೆ ತರಲು ಅಲ್ಲಿ 'ರಿನ್ಯೂ ನ್ಯೂಕ್ಯಾಸಲ್' ಎಂಬ ಲಾಭರಹಿತ ಸಂಸ್ಥೆ ಶುರು ಮಾಡಿದರು. ಅವರು ಹಿಡಿದ ದಾರಿ ಹೀಗಿದೆ.

ಮೊದಲು ಬೀದಿ ಸುತ್ತಿ ಖಾಲಿ ಅಂಗಡಿಗಳ ಪಟ್ಟಿ ಮಾಡಿ. ಮಾಲೀಕರು ಯಾರೆಂದು ಪತ್ತೆಹಚ್ಚಿ. ಕೆಡವುವ ಮುನ್ನ ಅನುಮತಿಗೆ ಕಾಯುತ್ತಿರುವ ಕಟ್ಟಡ ಸಿಕ್ಕರೆ ಬಿಡಬೇಡಿ.

ಆಮೇಲೆ ಕರಾರು. ಇಡೀ ಕೆಲಸದ ಜೀವ ಇಲ್ಲೇ ಇದೆ. ಮಾಲೀಕ ಬಾಡಿಗೆ ಇಳಿಸಲು ಒಪ್ಪುವುದಿಲ್ಲ. ಇಳಿಸಿದರೆ ಕಟ್ಟಡದ ಬೆಲೆಯೂ ಇಳಿಯುತ್ತದೆ. ಬಂದವರು ಜಾಗ ಬಿಡದಿದ್ದರೆ ಎಂಬ ಹೆದರಿಕೆ ಬೇರೆ. ನಮ್ಮ ಕಡೆಯೂ ಇದೇ ಕಥೆ, ಅಲ್ವಾ? ಅದಕ್ಕೇ ಅವರು ಬಾಡಿಗೆ ಪತ್ರವನ್ನೇ ಬಿಟ್ಟು, ಬಾಡಿಗೆದಾರನ ಹಕ್ಕಿಲ್ಲದ, ಬರೀ ಬಳಕೆಯ ಪರವಾನಗಿ ಬರೆಸಿದರು. ಅದು 30 ದಿನದ್ದು, ತಿಂಗಳು ತಿಂಗಳು ಮುಂದುವರಿಯುವಂಥದ್ದು. ಕಟ್ಟಡವು ಮಾಲೀಕನಿಂದ ಸಂಸ್ಥೆಯ ಕೈಗೆ, ಸಂಸ್ಥೆಯಿಂದ ಬಳಸುವವರ ಕೈಗೆ. ಪೂರಾ ಬಾಡಿಗೆ ಕೊಡುವವರು ಬಂದರೆ ಮಾಲೀಕ ನೋಟಿಸ್ ಕೊಟ್ಟು ವಾಪಸ್ ಪಡೆಯಬಹುದು. ಮಾಲೀಕನ ಬಾಯಿ ಮುಚ್ಚಿಸಿದ್ದು ಈ ಒಂದು ಸಾಲು. 'ಹಂಟರ್ ಸ್ಟ್ರೀಟ್ ಮಾಲ್' ಎಂಬ ಅಂಗಡಿ ಬೀದಿಯಲ್ಲಿ ಸಾಕಷ್ಟು ಕಟ್ಟಡಗಳಿದ್ದ ಜಿಪಿಟಿ ಎಂಬ ಆಸ್ತಿ ಕಂಪನಿಯೂ ಕೈಜೋಡಿಸಿತು.

ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು ಎಂದು ಮಾಲೀಕ ಕೇಳಿಯೇ ಕೇಳುತ್ತಾನೆ. ವಿಮೆಯನ್ನು ನಿಮ್ಮ ಸಂಸ್ಥೆಯ ಹೆಸರಲ್ಲೇ ಮಾಡಿಸಿ.

ರಿಪೇರಿ ಜಾಸ್ತಿ ಬೇಡ. ಗೋಡೆ ಒಡೆಯಬೇಡಿ. ಅಂಗಡಿಯಾಗಿದ್ದದ್ದು ಅಂಗಡಿಯಾಗೇ ಇರಲಿ. ಹೋಟೆಲ್ ಮಾಡಲು ಹೊರಟರೆ ಅನುಮತಿಗಾಗಿ ಅಲೆಯುವುದರಲ್ಲೇ ವರ್ಷ ಕಳೆಯುತ್ತದೆ. ಗುಡಿಸಿ, ಬಣ್ಣ ಹೊಡೆದು, ಲೈಟ್ ಹಾಕಿದರೆ ಸಾಕು.

ಒಳಗೆ ಯಾರನ್ನು ಕೂರಿಸಬೇಕು? ಆಭರಣ, ಬಟ್ಟೆ, ಚಿತ್ರ ಎಂದು ತಮ್ಮ ಕೈಯಾರೆ ಏನಾದರೂ ಮಾಡುವವರನ್ನು. ಬಾಗಿಲು ತೆರೆಯುವ ಸಮಯ ಬರೆದು ಹಾಕಿ, ಆ ಹೊತ್ತಿಗೆ ತೆರೆಯುವವರನ್ನು. ಪಕ್ಕದ ಅಂಗಡಿಯವನ ವ್ಯಾಪಾರಕ್ಕೇ ಕಲ್ಲು ಹಾಕುವವರು ಬೇಡ. ಒಂದು ಅಂಗಡಿ ಇಲ್ಲಿ, ಇನ್ನೊಂದು ಮೈಲಿಯಾಚೆ ಎಂದರೆ ಯಾರೂ ಬರುವುದಿಲ್ಲ. ಸಾಲಾಗಿ ನಾಲ್ಕೈದು ತೆರೆಸಿ.

ಪ್ರವಾಸಿ ಕೈಪಿಡಿಗಳ ಪ್ರಕಾಶಕ ಲೋನ್ಲಿ ಪ್ಲಾನೆಟ್, 2011ಕ್ಕೆ ನೋಡಬೇಕಾದ ಹತ್ತು ನಗರಗಳೆಂದು ಮಾಡಿದ ಪಟ್ಟಿಯಲ್ಲಿ ನ್ಯೂಕ್ಯಾಸಲ್ ಇತ್ತು. ಬೀದಿಗೆ ಕಳೆ ಬಂದರೆ ಬಾಡಿಗೆಯೂ ಏರುತ್ತದೆ. ಕಳೆ ತಂದವರೇ ಗಂಟುಮೂಟೆ ಕಟ್ಟಬೇಕಾಗಬಹುದು. ನನಗಂತೂ ಈ ಪದ್ಧತಿಯ ಕಹಿ ಭಾಗ ಇದೇ. ವ್ಯಾಪಾರ ಕುದುರಿದವರು ಅದೇ ಜಾಗವನ್ನು ಬಾಡಿಗೆಗೆ ಹಿಡಿಯಬಹುದು. ಉಳಿದವರಿಗಾಗಿ ಮುಂದಿನ ಖಾಲಿ ಅಂಗಡಿಯ ಮಾತುಕತೆಯನ್ನು ನೋಟಿಸ್ ಬರುವ ಮೊದಲೇ ಮುಗಿಸಿಟ್ಟುಕೊಳ್ಳಿ.