ಮದರ್‌ಬೋರ್ಡ್ ಬದಲಾದ ಮೇಲೆ ಯುಇಎಫ್‌ಐ ಶೆಲ್‌ನಲ್ಲಿ ಕಳೆದ ಒಂದು ರಾತ್ರಿ

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳೆಗಾರರು ತಂದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ ಬೀಜ) ಮತ್ತು ಚೆರ್ರಿಯ (ಹಣ್ಣಿನ ಸಮೇತ ಒಣಗಿಸಿದ ಕಾಫಿ) ತೂಕ, ತೇವಾಂಶ, ಕೊಡಬೇಕಾದ ಬಾಕಿ ಎಲ್ಲವೂ ಅದರಲ್ಲೇ ಇವೆ. ಕೊಡವರ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ಸಂಜೆ ಸಿಡಿಲಿನ ಹೊಡೆತಕ್ಕೆ ಅದರ ಮದರ್‌ಬೋರ್ಡ್ ಸುಟ್ಟಿತು. ಮೈಸೂರಿನಿಂದ ಬಂದ ತಂತ್ರಜ್ಞರು ಅದೇ ಮಾದರಿಯ ಬೋರ್ಡ್ ಹಾಕಿ, ಪರದೆಯ ಮೇಲೆ ಬೆಳಕು ಕಂಡದ್ದೇ ಕೆಲಸ ಮುಗಿಯಿತೆಂದು ಹೊರಟರು. ಆದರೆ ಸರ್ವರ್‌ನ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್ ಏಳಲಿಲ್ಲ. ಕಪ್ಪು ಪರದೆಯಲ್ಲಿ ಹಳದಿ ಅಕ್ಷರದ ‘ಶೆಲ್’ ಎಂಬ ಪದವೊಂದೇ ನಿಂತಿತ್ತು. ಆಜ್ಞೆಗಳನ್ನು ಟೈಪ್ ಮಾಡುವ ಯುಇಎಫ್‌ಐ ಶೆಲ್ ಅದು.

“ಡಿಸ್ಕ್ ಹೋಯ್ತಾ ಸಾರ್? ಎಲ್ಲ ಹೊಸದಾಗಿ ಹಾಕಬೇಕಾ?” ಎಂದು ಲೆಕ್ಕ ನೋಡುವ ಹುಡುಗ ಕೇಳಿದ. ಅವನ ಗಾಬರಿ ನನಗೆ ಅರ್ಥವಾಯಿತು, ಏಕೆಂದರೆ ಈ ಪರದೆ ಕಂಡ ಕೂಡಲೇ ಎಲ್ಲವನ್ನೂ ಅಳಿಸಿ ಮರುಸ್ಥಾಪನೆ ಮಾಡಿದವರನ್ನು ನಾನು ನೋಡಿದ್ದೇನೆ. ಅದರ ಅಗತ್ಯವೇ ಇರುವುದಿಲ್ಲ. ಯಾವ ಡಿಸ್ಕಿನ ಯಾವ ಕಡತದಿಂದ ಶುರುವಾಗಬೇಕೆಂಬ ನಮೂದನ್ನು ಯುಇಎಫ್‌ಐ, ಅಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಫರ್ಮ್‌ವೇರ್ (ಬೋರ್ಡ್‌ನಲ್ಲೇ ಅಡಕವಾದ ತಂತ್ರಾಂಶ), ಮದರ್‌ಬೋರ್ಡ್‌ನ ಮೇಲಿರುವ ಫ್ಲ್ಯಾಶ್ ಚಿಪ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಳೆಯ ಬೋರ್ಡ್‌ನೊಂದಿಗೆ ಆ ನಮೂದೂ ಹೋಗಿತ್ತು; ಡಿಸ್ಕ್‌ಗಳು ಇದ್ದ ಹಾಗೆಯೇ ಇದ್ದವು.

ಮೊದಲು ‘ಮ್ಯಾಪ್ -ಆರ್’ ಎಂದು ಟೈಪ್ ಮಾಡಿದೆ. ಫರ್ಮ್‌ವೇರ್ ಓದಬಲ್ಲ ಎಲ್ಲ ವಿಭಾಗಗಳನ್ನೂ ಅದು ಪಟ್ಟಿ ಮಾಡುತ್ತದೆ. ಫ್ಯಾಟ್ ಎಂಬ ಕಡತ ವ್ಯವಸ್ಥೆಯ ವಿಭಾಗಗಳಿಗೆ ‘ಎಫ್‌ಎಸ್0’, ‘ಎಫ್‌ಎಸ್1’ ಎಂಬ ಹೆಸರು ಕೊಡುತ್ತದೆ. ಇಲ್ಲಿ ಎಚ್ಚರ ಬೇಕು, ಏಕೆಂದರೆ ಈ ಸಂಖ್ಯೆಗಳು ಸ್ಥಿರವಲ್ಲ. ಒಂದು ಪೆನ್‌ಡ್ರೈವ್ ಚುಚ್ಚಿದರೂ ನಿನ್ನೆಯ ‘ಎಫ್‌ಎಸ್0’ ಇಂದು ‘ಎಫ್‌ಎಸ್1’ ಆಗಬಹುದು. ಆದ್ದರಿಂದ ಹೆಸರನ್ನು ನಂಬದೆ, ಅದರ ಕೆಳಗಿನ ಉದ್ದನೆಯ ಸಾಧನ ಮಾರ್ಗವನ್ನು ಓದಿ, ಅದು ಒಳಗಿನ ಸಾಟಾ ಡಿಸ್ಕೋ ಯುಎಸ್‌ಬಿಯೋ ಎಂದು ಖಚಿತಪಡಿಸಿಕೊಳ್ಳುತ್ತೇನೆ. ಪಟ್ಟಿ ಓಡಿಹೋದರೆ ‘-ಬಿ’ ಸೇರಿಸಿದರೆ ಸಾಕು, ಒಂದೊಂದು ಪರದೆಯಾಗಿ ನಿಲ್ಲುತ್ತದೆ.

ಬಳಿಕ ‘ಎಫ್‌ಎಸ್0:’ ಎಂದು ಒಳಹೊಕ್ಕು, ‘ಇಎಫ್‌ಐ’ ಫೋಲ್ಡರ್‌ನೊಳಗಿನ ‘ಡೆಬಿಯನ್’ ಫೋಲ್ಡರ್‌ನಲ್ಲಿ ಡೆಬಿಯನ್ ಅನ್ನು ಎಬ್ಬಿಸುವ ಪ್ರೋಗ್ರಾಂ ಆದ ಗ್ರಬ್‌ನ ಕಡತವಿರುವುದನ್ನು ನೋಡಿ, ಅದರ ಪೂರ್ಣ ಹೆಸರನ್ನು ಟೈಪ್ ಮಾಡಿ ಎಂಟರ್ ಒತ್ತಿದೆ. ಗ್ರಬ್‌ನ ನೀಲಿ ಪರದೆ ಬಂತು, ಸರ್ವರ್ ಎದ್ದಿತು. ಶಾಶ್ವತ ಬದಲಾವಣೆಗೆ ಕೈಹಾಕುವ ಮೊದಲು ಹೀಗೆ ಕೈಯಾರೆ ಒಮ್ಮೆ ಎಬ್ಬಿಸಿ ನೋಡುವುದನ್ನು ನಾನು ಬಿಡುವುದೇ ಇಲ್ಲ.

ಮತ್ತೆ ಶೆಲ್‌ಗೆ ಮರಳಿ, ಬೂಟ್ ನಮೂದುಗಳನ್ನು ತೋರಿಸುವ ‘ಬಿಸಿಎಫ್‌ಜಿ ಬೂಟ್ ಡಂಪ್’ ಕೊಟ್ಟೆ. ಡಿಸ್ಕಿನ ನಮೂದೊಂದೂ ಇರಲಿಲ್ಲ. ‘ಬಿಸಿಎಫ್‌ಜಿ ಬೂಟ್ ಆ್ಯಡ್ 0’ ಎಂದು ಬರೆದು, ಅದರ ಮುಂದೆ ಕಡತದ ಪೂರ್ಣ ಮಾರ್ಗವನ್ನೂ ಉದ್ಧರಣ ಚಿಹ್ನೆಯೊಳಗೆ ಒಂದು ಹೆಸರನ್ನೂ ಕೊಟ್ಟರೆ, ಅದೇ ಮೊದಲ ಆಯ್ಕೆಯಾಗಿ ಉಳಿಯುತ್ತದೆ. ಮಾರ್ಗದಲ್ಲಿ ಲಿನಕ್ಸ್‌ನಂತೆ ಮುಂದಕ್ಕೆ ವಾಲಿದ ಗೆರೆಯಲ್ಲ, ಹಿಂದಕ್ಕೆ ವಾಲಿದ ಗೆರೆ ಬೇಕು. ನನ್ನ ಕೈ ಮೂರು ಸಲ ತಪ್ಪಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಮುಂದಿನ ಸಿಡಿಲಿಗೆ ಮತ್ತೆ ಇದೇ ಪಾಡಾಗುತ್ತಿತ್ತು. ನಮೂದೇ ಇಲ್ಲದಾಗಲೂ ಫರ್ಮ್‌ವೇರ್ ತಾನಾಗಿ ಹುಡುಕುವ ಕಡತ ಒಂದಿದೆ: ‘ಇಎಫ್‌ಐ’ ಒಳಗಿನ ‘ಬೂಟ್’ ಫೋಲ್ಡರ್‌ನಲ್ಲಿರುವ ‘ಬೂಟ್‌ಎಕ್ಸ್64.ಇಎಫ್‌ಐ’. ಡೆಬಿಯನ್ ನಾವು ಕೇಳದ ಹೊರತು ಅಲ್ಲಿ ಪ್ರತಿ ಇಡುವುದಿಲ್ಲ. ಶೆಲ್‌ನ ‘ಸಿಪಿ’ ಆಜ್ಞೆಯಿಂದ ಗ್ರಬ್‌ನ ಕಡತವನ್ನು ಆ ಹೆಸರಿನಲ್ಲಿ ನಕಲಿಸಿದೆ. ಸಹಿ ಇರುವ ಕಡತಗಳನ್ನಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟ್ ನಮ್ಮಲ್ಲಿ ಇಲ್ಲದ್ದರಿಂದ ಅಷ್ಟು ಸಾಕಾಯಿತು. ಸೆಕ್ಯೂರ್ ಬೂಟ್ ಬಳಸುವವರು, ಗ್ರಬ್‌ಗಿಂತ ಮೊದಲು ಓಡುವ ಸಹಿ ಇರುವ ಶಿಮ್ ಕಡತವನ್ನು ಆ ಹೆಸರಿನಲ್ಲಿಟ್ಟು ಗ್ರಬ್ ಅನ್ನು ಅದರ ಪಕ್ಕದಲ್ಲೇ ಇಡಬೇಕು.

ಡಿಸ್ಕ್‌ಗಳು ಎರಡಿದ್ದು ಸಾಫ್ಟ್‌ವೇರ್ ರೈಡ್ 1ರಲ್ಲಿ (ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುವ ವ್ಯವಸ್ಥೆ) ಜೋಡಿಯಾಗಿದ್ದವು. ದತ್ತಾಂಶಕ್ಕೆ ಪ್ರತಿಬಿಂಬವಿತ್ತು; ಆದರೆ ಬೂಟ್ ಕಡತಗಳಿರುವ ಪುಟ್ಟ ಫ್ಯಾಟ್ ವಿಭಾಗ ಆ ಜೋಡಿಯ ಹೊರಗಿದ್ದು, ಎರಡನೆಯ ಡಿಸ್ಕಿನಲ್ಲಿ ಖಾಲಿ ಬಿದ್ದಿತ್ತು. ಮೊದಲ ಡಿಸ್ಕ್ ಕೆಟ್ಟಿದ್ದರೆ ಲೆಕ್ಕವೆಲ್ಲ ಭದ್ರವಾಗಿದ್ದೂ ಸರ್ವರ್ ಏಳುತ್ತಿರಲಿಲ್ಲ. ಇಷ್ಟು ದಿನ ನಾನು ಗಮನಿಸದೇ ಉಳಿದ ಕೊರತೆಯಿದು, ಈಗಲೂ ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ. ಇಡೀ ‘ಇಎಫ್‌ಐ’ ಫೋಲ್ಡರ್ ಅನ್ನು ‘ಎಫ್‌ಎಸ್1’ಕ್ಕೆ ನಕಲಿಸಿ, ಅದಕ್ಕೂ ಒಂದು ನಮೂದು ಸೇರಿಸಿದೆ. ಗ್ರಬ್ ನವೀಕರಣವಾದಾಗಲೆಲ್ಲ ಈ ನಕಲನ್ನೂ ಹೊಸದಾಗಿಸಬೇಕು.

ಹೊಸ ಬೋರ್ಡ್‌ನ ಗಡಿಯಾರವೂ ತಪ್ಪಾಗಿತ್ತು. ‘ಡೇಟ್’ ಆಜ್ಞೆಯಲ್ಲಿ ತಿಂಗಳು ಮೊದಲು, ದಿನ ನಂತರ. ನಮ್ಮ ಲಿನಕ್ಸ್ ಈ ಗಡಿಯಾರವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದೇ ಓದುವುದರಿಂದ, ‘ಟೈಮ್’ ಆಜ್ಞೆಯಲ್ಲಿ ಕೈಗಡಿಯಾರದ ಸಮಯಕ್ಕಿಂತ 5 ಗಂಟೆ 30 ನಿಮಿಷ ಹಿಂದಿನದನ್ನು ಕೊಟ್ಟೆ. ರಸೀದಿಯ ಮೇಲಿನ ದಿನಾಂಕ ತಪ್ಪಿದರೆ ಬೆಳೆಗಾರರಿಗೆ ಉತ್ತರ ಹೇಳಬೇಕಾದವರು ನಾವೇ.

ಫರ್ಮ್‌ವೇರ್ ನವೀಕರಣವನ್ನೂ ಇದೇ ಶೆಲ್‌ನಿಂದ ಮಾಡಬಹುದಿತ್ತು, ಕಡತವೂ ಪೆನ್‌ಡ್ರೈವ್‌ನಲ್ಲಿತ್ತು. ಆದರೆ ಕರೆಂಟು ಗಂಟೆಗೆರಡು ಸಲ ಹೋಗುತ್ತಿದ್ದ ಆ ರಾತ್ರಿ, ಯುಪಿಎಸ್ ಒಂದನ್ನೇ ನಂಬಿ ಫ್ಲ್ಯಾಶ್ ಚಿಪ್‌ಗೆ ಬರೆಯಲು ನಾನು ಒಪ್ಪಲಿಲ್ಲ. ನಡುವೆ ವಿದ್ಯುತ್ ನಿಂತರೆ ಬೋರ್ಡೇ ಸತ್ತುಹೋಗಬಹುದು. ಕೊಡವರ ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ, ಜನರೇಟರ್ ಚಾಲನೆಯಲ್ಲಿಟ್ಟು ಅದನ್ನು ಮುಗಿಸಿದೆ.

ಅದೇ ದಿನ ಸರ್ವರ್ ಆರಿಸಿ, ಮೊದಲ ಡಿಸ್ಕನ್ನು ಹೊರತೆಗೆದು, ಎರಡನೆಯದರಿಂದಲೇ ಶುರುಮಾಡಿ ನೋಡಿದೆ. ಗ್ರಬ್ ಬಂತು, ಲಾಗಿನ್ ಬಂತು, ಹುಡುಗ ಹಿಂದಿನ ದಿನದ ತೂಕದ ಪಟ್ಟಿಯನ್ನು ತೆರೆದ.