ಅಮೆರಿಕದ ಜುವೆನೈಲ್ ಕೋರ್ಟ್: ಮಗನ ಜೊತೆ ಅಪ್ಪ ಅಮ್ಮನೂ ಥೆರಪಿಗೆ

ಹದಿನೈದರ ಮಗ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದ, ಕೇಸು ಜುವೆನೈಲ್ ಕೋರ್ಟಿಗೆ, ಅಂದರೆ ಮಕ್ಕಳ ಕೋರ್ಟಿಗೆ ಹೋಯಿತು ಅಂದುಕೊಳ್ಳಿ. ಅಮೆರಿಕದಲ್ಲಿರುವ ನಮ್ಮವರಿಗೆ ತಕ್ಷಣ ಹೊಳೆಯುವುದು ಎರಡು: ಯಾರಿಗೂ ಗೊತ್ತಾಗಬಾರದು, ಇವನನ್ನು ಊರಿಗೆ ಅಜ್ಜಿ ಮನೆಗೆ ಕಳಿಸಿಬಿಡೋಣ. ಎರಡನೆಯದನ್ನಂತೂ ಲಾಯರನ್ನು ಕೇಳದೆ ಮಾಡಬೇಡಿ. ಪ್ರೊಬೇಷನ್‌ನಲ್ಲಿರುವ, ಅಂದರೆ ಕೋರ್ಟಿನ ಷರತ್ತು, ನಿಗಾದ ಮೇಲೆ ಮನೆಯಲ್ಲಿರುವ ಹುಡುಗ ಅನುಮತಿ ಇಲ್ಲದೆ ರಾಜ್ಯ ದಾಟಿದರೂ ಸಾಮಾನ್ಯವಾಗಿ ಅದೇ ಇನ್ನೊಂದು ತಪ್ಪಾಗುತ್ತದೆ. ಅಂದಹಾಗೆ, ಲಾಯರ್ ನಿಮ್ಮ ಮಗನ ಪರ, ನಿಮ್ಮ ಪರ ಅಲ್ಲ. ಫೀಸು ನೀವೇ ಕಟ್ಟಿದರೂ ಅಷ್ಟೇ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೆ ಮಗ ಮತ್ತೆ ಅದೇ ದಾರಿ ಹಿಡಿಯದಿರಲಿ ಅಂತ ಇಡೀ ಮನೆಯನ್ನೇ ಥೆರಪಿಗೆ, ಅಂದರೆ ಕೌನ್ಸೆಲಿಂಗ್‌ಗೆ ಸೇರಿಸುವುದು ಅನೇಕ ಕಡೆ ಇದೆ. ಹೆಸರಾದವು ಎರಡು: ಮಲ್ಟಿಸಿಸ್ಟಮಿಕ್ ಥೆರಪಿ, ಫಂಕ್ಷನಲ್ ಫ್ಯಾಮಿಲಿ ಥೆರಪಿ. ಮೊದಲನೆಯದರಲ್ಲಿ ಥೆರಪಿಸ್ಟ್ ನಿಮ್ಮ ಮನೆಗೇ ಬರುತ್ತಾರೆ. ಮೂರರಿಂದ ಐದು ತಿಂಗಳು ನಡೆಯುತ್ತದೆ. ನಡುರಾತ್ರಿ ತೊಂದರೆ ಆದರೂ ಅವರ ತಂಡದಲ್ಲಿ ಒಬ್ಬರು ಫೋನ್‌ಗೆ ಸಿಗುತ್ತಾರೆ.

ಅವರು 'ಹೀಗ್ಯಾಕೆ ಮಾಡಿದೆ' ಅಂತ ಕೂರಿಸಿ ಬೈಯುವುದಿಲ್ಲ. ಆ ದಿನ ಶಾಲೆ ಎಷ್ಟಕ್ಕೆ ಬಿಟ್ಟಿತು, ಮನೆಯಲ್ಲಿ ಯಾರಿದ್ದರು, ಯಾರ ಮೆಸೇಜ್ ಬಂತು, ನೀವು ಯಾವಾಗ ವಿಚಾರಿಸಿದಿರಿ ಅಂತ ಒಂದೊಂದಾಗಿ ಕೇಳುತ್ತಾರೆ. ಮೂರರಿಂದ ಆರೂವರೆ ತನಕ ಮಗ ಎಲ್ಲಿರುತ್ತಾನೋ ಇಬ್ಬರಿಗೂ ಗೊತ್ತಿಲ್ಲ ಅಂತ ಆಗ ಹೊರಬೀಳುತ್ತದೆ. ಆ ಹೊತ್ತಿಗೆ ಏನು ಏರ್ಪಾಡು, ಅವನ ಗೆಳೆಯರ ಅಪ್ಪ ಅಮ್ಮನ ನಂಬರ್ ನಿಮ್ಮ ಹತ್ತಿರ ಇದೆಯಾ, ಕೆಲಸ ಶುರುವಾಗುವುದು ಇಲ್ಲಿಂದ.

ಅಪ್ಪ ಮೊಬೈಲ್ ಕಿತ್ತುಕೊಳ್ಳುತ್ತಾರೆ, ಅಮ್ಮ ರಾತ್ರಿ ಮೆಲ್ಲಗೆ ವಾಪಸ್ ಕೊಡುತ್ತಾರೆ. ನಮ್ಮ ಮನೆಗಳಲ್ಲಿ ಇದು ಜಾಸ್ತಿ, ಅಲ್ವಾ? ಥೆರಪಿಸ್ಟ್ ಮೊದಲು ಹಿಡಿಯುವುದೇ ಇದನ್ನ. ಇಬ್ಬರೂ ಒಪ್ಪಿದ ನಿಯಮ ಎರಡೇ ಇರಲಿ, ಅದನ್ನು ಬರೆದಿಡಿ. ಮೀರಿದರೆ ಏನು, ಪಾಲಿಸಿದರೆ ಏನು ಅನ್ನೋದೂ ಅದರಲ್ಲಿರಲಿ. ಹುಡುಗ ಎರಡು ತಿಂಗಳು ಸರಿಯಿದ್ದು ಮತ್ತೆ ಜಾರಿದರೆ ಮುಚ್ಚಿಡಬೇಡಿ, ಥೆರಪಿಸ್ಟ್‌ಗೆ ಅವತ್ತೇ ಹೇಳಿ. ಆದರೆ ಪ್ರೊಬೇಷನ್ ಆಫೀಸರ್‌ಗೆ ಏನೇನು ವರದಿ ಹೋಗುತ್ತದೆ ಅಂತ ಮೊದಲ ಭೇಟಿಯಲ್ಲೇ ಕೇಳಿಕೊಂಡಿರಿ. 'ನಾಲ್ಕು ಬಾರಿಸಿದರೆ ಸರಿಹೋಗ್ತಾನೆ' ಅನ್ನೋದು ಇಲ್ಲಿ ಬೇಡವೇ ಬೇಡ. ಮಗುವಿಗೆ ಹಿಂಸೆ ಆಗಿದೆ ಅಂತ ಅನುಮಾನ ಬಂದರೆ ಥೆರಪಿಸ್ಟ್ ಕಾನೂನಿನ ಪ್ರಕಾರ ಅಧಿಕಾರಿಗಳಿಗೆ ತಿಳಿಸಲೇಬೇಕು.

ಇಂಗ್ಲಿಷ್ ಕಷ್ಟವಾದರೆ ಕನ್ನಡದ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ, ಫೋನ್ ಮೂಲಕವಾದರೂ ಸರಿ. ಮಗನ ಕೈಲಿ ಅನುವಾದ ಮಾಡಿಸಲೇಬೇಡಿ, ತನಗೆ ಬೇಕಾದಷ್ಟೇ ಹೇಳುತ್ತಾನೆ.

ವೀಸಾ ಅಥವಾ ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದ್ದರೆ ಇಮಿಗ್ರೇಷನ್ ಲಾಯರನ್ನೂ ಬೇರೆಯಾಗಿ ಕಾಣಿ. ಜುವೆನೈಲ್ ಕೋರ್ಟಿನ ತೀರ್ಪನ್ನು ಅಲ್ಲಿ ಸಾಮಾನ್ಯವಾಗಿ ಕ್ರಿಮಿನಲ್ ಶಿಕ್ಷೆ ಅಂತ ಎಣಿಸುವುದಿಲ್ಲ. ಆದರೂ ಡ್ರಗ್ಸ್ ಮಾರಿದಂಥ ಕೆಲವು ಕೇಸುಗಳಲ್ಲಿ ತೊಡಕು ಬರಬಹುದು.